ಶರಾವತಿ ಸೇತುವೆ ಮೇಲೆ ರೈಲಿನ ಫೋಟೋ ತೆಗೆದ್ರೆ ರೈಲೇ ಕಾಣ್ತಿಲ್ಲ, ಏನ್ ತಪ್ಪು ಮಾಡ್ತಿದೀನಿ?

ಹೊಳೆಬದಿಯವ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ಮೂರು ಹೊನ್ನಾವರದ ಹತ್ರ, ಕೆಲಸ ಬೆಂಗಳೂರಲ್ಲಿ. ಕೊಂಕಣ ರೈಲ್ವೆಯ ಶರಾವತಿ ಸೇತುವೆ ಗೊತ್ತಿರುತ್ತಲ್ಲ, ಎರಡು ಕಿಲೋಮೀಟರ್ ಚಿಲ್ಲರೆ ಇದೆ, ಆ ಲೈನಲ್ಲೇ ಎಲ್ಲಕ್ಕಿಂತ ಉದ್ದದ್ದು. 90ರ ದಶಕದಲ್ಲಿ ಅದನ್ನ ಕಟ್ಟೋವಾಗ ನಮ್ಮಪ್ಪ ಹೊಳೆದಂಡೇಲಿ ಸಣ್ಣ ಚಾ ಅಂಗಡಿ ಇಟ್ಟಿದ್ದ, ಮಧ್ಯಾಹ್ನ ಆದ್ರೆ ದೋಣೀಲಿ ಊಟದ ಡಬ್ಬಿ ತುಂಬ್ಕೊಂಡು ನೀರಿನ ಮಧ್ಯೆ ಕಂಬ ಎಬ್ಬಿಸ್ತಿದ್ದ ಕೆಲಸದವ್ರಿಗೆ ಒಯ್ದು ಕೊಡ್ತಿದ್ದ. ಈಗ್ಲೂ ರೈಲಲ್ಲಿ ಹೋಗೋವಾಗ ಆ ಸೇತುವೆ ಬಂತು ಅಂದ್ರೆ ಸೀಟಲ್ಲಿ ಕೂರಲ್ಲ, ಎದ್ದು ಕಿಟಕಿಗೆ ಹಣೆ ಒತ್ಕೊಂಡು ನಿಂತ್ಬಿಡ್ತಾನೆ. ಅದಕ್ಕೇ ಒಂದು ಒಳ್ಳೆ ಫೋಟೋ ತೆಗ್ದು ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಮನೆ ಜಗಲಿಗೆ ನೇತು ಹಾಕ್ಬೇಕು ಅಂತ ನನ್ನ ಆಸೆ.

ಕ್ಯಾಮೆರಾ ನಿಕಾನ್ ಡಿ5600, ಲೆನ್ಸ್ 18-55 ಮತ್ತು 70-300. ಹೋದ ಸಲ ಊರಿಗೆ ಹೋದಾಗ ಹೈವೇ ಸೇತುವೆ ಮೇಲೆ ನಿಂತು ಮೂರು ದಿನ ಕಾದು ಒಂದು ಇನ್ನೂರು ಫೋಟೋ ತೆಗ್ದೆ. ಪೂರ್ತಿ ಸೇತುವೆ ಬರ್ಲಿ ಅಂತ 18ರಲ್ಲಿ ತೆಗ್ದೆ, ರೈಲು ಅಲುಗಾಡ್ಬಾರ್ದು ಅಂತ ಶಟರ್ 1/4000 ಸೆಕೆಂಡ್ ಇಟ್ಟೆ, ಸಂಜೆ ಬೆಳಕು ಸಾಕಾಗ್ಲಿಲ್ಲ ಅಂತ ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 3200ಕ್ಕೆ ಹೋಯ್ತು. ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ನೋಡಿದ್ರೆ ಮೇಲೆ ಆಕಾಶ, ಕೆಳಗೆ ನೀರು, ನಡುವೆ ಒಂದು ದಾರ. ಆ ದಾರದಲ್ಲಿ ರೈಲು ಎಲ್ಲಿದೆ ಅಂತ ನಾನೇ ಹುಡುಕ್ಬೇಕು! ಮೇಲಿಂದ ರವೆ ಉದುರಿಸಿದಂಗೆ ಗ್ರೇನ್ಸ್ ಬೇರೆ.

ದೀಪಾವಳಿಗೆ ಮತ್ತೆ ಹೋಗ್ತಿದೀನಿ. ಲೆನ್ಸ್ ಬದಲಾಯಿಸ್ಬೇಕಾ, ಜಾಗ ಬದಲಾಯಿಸ್ಬೇಕಾ? ಸೇತುವೆ ಶುರುವಾಗೋ ಜಾಗಕ್ಕೆ ಹೋಗಿ ಹಳಿ ಪಕ್ಕ ನಿಂತು ತೆಗ್ದ್ರೆ ಹೆಂಗೆ? ಫ್ರೆಂಡ್ ಒಬ್ಬ ಡ್ರೋನ್ ಕೊಡ್ತೀನಿ ಅಂತಾನೆ, ಅದಾದ್ರೂ ಆಗುತ್ತಾ?

ಲೆಕ್ಕದ ಮೇಷ್ಟ್ರು

ನಿಮ್ಮ ಕ್ಯಾಮೆರಾದ್ದೂ ತಪ್ಪಿಲ್ಲ ಲೆನ್ಸಿಂದೂ ತಪ್ಪಿಲ್ಲ ಕಣ್ರೀ, ಲೆಕ್ಕ ತಪ್ಪಿದೀರ ಅಷ್ಟೆ. ಒಂದ್ಸಲ ಪೇಪರ್ ಮೇಲೆ ಹಾಕಿ ನೋಡಿ.

ನೀವು ನಿಂತ ಜಾಗದಿಂದ ಸೇತುವೆ ಒಂದು ಕಿಲೋಮೀಟರ್ ದೂರ ಅಂತ ಇಟ್ಕೊಳ್ಳೋಣ. ನಿಮ್ಮ ಕ್ಯಾಮೆರಾ ಸೆನ್ಸರ್ 23.5 ಮಿಮೀ ಅಗಲ, ಲೆನ್ಸ್ 18 ಮಿಮೀ, ಅಂದ್ರೆ ಫೋಟೋ ಒಳಗೆ ಸುಮಾರು 1300 ಮೀಟರ್ ಅಗಲದ ಜಾಗ ಬಂತು. ಫೋಟೋ ಅಗಲ 6000 ಪಿಕ್ಸೆಲ್. ಭಾಗಿಸಿದ್ರೆ ಮೀಟರಿಗೆ ನಾಲ್ಕೂವರೆ ಪಿಕ್ಸೆಲ್ ಚಿಲ್ಲರೆ. ಬೋಗಿ ಹಳಿಯಿಂದ ಮೇಲಕ್ಕೆ ಸುಮಾರು 4 ಮೀಟರ್ ಎತ್ತರ, ಸೋ ನಿಮ್ಮ ರೈಲು ಫೋಟೋದಲ್ಲಿ 18 ಪಿಕ್ಸೆಲ್ ಎತ್ತರ. ಇಡೀ ಫೋಟೋ ಎತ್ತರ 4000. ದಾರ ಅಂದ್ರಲ್ಲ, ದಾರಾನೇ ಅದು, ಸುಳ್ಳಲ್ಲ.

22 ಬೋಗಿ, ಒಂದು ಎಂಜಿನ್ ಸೇರಿದ್ರೆ ರೈಲಿನ ಉದ್ದ ಸುಮಾರು 550 ಮೀಟರ್. ಸೇತುವೆ 2060 ಚಿಲ್ಲರೆ ಮೀಟರ್. ಅಂದ್ರೆ ಇಷ್ಟು ಉದ್ದದ ರೈಲು ಬಂದ್ರೂ ಸೇತುವೇಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತೆ ಅಷ್ಟೆ. ಪೂರ್ತಿ ಸೇತುವೆನೂ ಬೇಕು ರೈಲೂ ಕಾಣ್ಬೇಕು ಅನ್ನೋದು ಎದುರಿಂದ ನಿಂತು ತೆಗೆದ್ರೆ ಆಗೋ ಮಾತೇ ಅಲ್ಲ. ಒಂದನ್ನ ಬಿಡ್ಬೇಕು.

ಇನ್ನು ಶಟರ್. 100 ಕಿಮೀ ಸ್ಪೀಡಲ್ಲಿ ಹೋಗೋ ರೈಲು ಸೆಕೆಂಡಿಗೆ 28 ಮೀಟರ್ ಹೋಗುತ್ತೆ. 1/250ರಲ್ಲಿ ತೆಗೆದ್ರೆ ಅಷ್ಟರಲ್ಲಿ 11 ಸೆಂಟಿಮೀಟರ್ ಜರುಗಿರುತ್ತೆ. ನಿಮ್ಮ ಫೋಟೋದಲ್ಲಿ ಅದು ಅರ್ಧ ಪಿಕ್ಸೆಲ್! ಕಣ್ಣಿಗೆ ಕಾಣೋದಲ್ಲ. ನೀವು 1/4000 ಇಟ್ಟು ಸುಮ್ಮನೆ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗುತ್ತೆ) ಬೆಳಕನ್ನ ಹೊಳೆಗೆ ಚೆಲ್ಲಿದ್ರಿ. 1/250 ಇಟ್ಟಿದ್ರೆ ಅದೇ ಫೋಟೋ ಐಎಸ್ಒ 200ರಲ್ಲಿ ಬರ್ತಿತ್ತು, ರವೆ ಉದುರ್ತಿರ್ಲಿಲ್ಲ.

ಆದ್ರೆ 300 ಎಂಎಂ ಹಾಕಿದ್ರೆ ಈ ಮಾತು ಬದಲಾಗುತ್ತೆ ನೋಡಿ. ಆಗ ಅದೇ ದೂರದಿಂದ ಬರೀ 78 ಮೀಟರ್ ಜಾಗ ಫ್ರೇಮಲ್ಲಿ, ಮೂರು ಬೋಗಿ ಲೆಕ್ಕ, ಮೀಟರಿಗೆ 77 ಪಿಕ್ಸೆಲ್. ಅಲ್ಲಿ 1/1000 ಬೇಕು, ಆಗ್ಲೂ ಎರಡು ಪಿಕ್ಸೆಲ್ ಜರುಗುತ್ತೆ, ಪ್ರಿಂಟಲ್ಲಿ ಗೊತ್ತಾಗಲ್ಲ. ಪ್ಲಾಟ್‌ಫಾರ್ಮ್ ಪಕ್ಕದಿಂದ ಹಾದು ಹೋಗೋ ರೈಲಿಗೆ 1/1000 ಕೂಡ ಸಾಲಲ್ಲ. ಅಂದ್ರೆ ಶಟರ್ ಎಷ್ಟು ಅನ್ನೋದು ರೈಲಿನ ಸ್ಪೀಡ್ ಒಂದರಿಂದಲೇ ನಿರ್ಧಾರ ಆಗಲ್ಲ, ಫ್ರೇಮಲ್ಲಿ ರೈಲು ಎಷ್ಟು ದೊಡ್ಡದಾಗಿದೆ ಅನ್ನೋದರ ಮೇಲೂ ಹೋಗುತ್ತೆ. ನಿಮ್ಮ ಕಡೆಗೇ ಮುಖ ಮಾಡಿ ಬರೋ ರೈಲಿಗೆ ಇನ್ನೂ ಕಮ್ಮಿ ಸಾಕು.

ಪರಿಹಾರ ಏನಪ್ಪ ಅಂದ್ರೆ ಓರೆ ಕೋನ. ದಂಡೆ ಹತ್ರ ನಿಂತು ಸೇತುವೆಗೆ 15 ಡಿಗ್ರಿ ಓರೆಯಲ್ಲಿ ನೋಡಿದ್ರೆ 550 ಮೀಟರ್ ರೈಲು ಅಡ್ಡಕ್ಕೆ 140 ಮೀಟರ್ ಅಷ್ಟೇ ಜಾಗ ತಗೊಳುತ್ತೆ. ಆಗ ಉದ್ದ ಲೆನ್ಸ್ ಹಾಕಿದ್ರೂ ಇಡೀ ರೈಲು ಒಳಗೆ, ಮುಂದೆ ಎಂಜಿನ್ ದೊಡ್ಡದು, ಹಿಂದೆ ಸೇತುವೆ ಕಿರಿದಾಗ್ತಾ ಹೋಗಿರುತ್ತೆ. ಸೇತುವೆ ಉದ್ದ ಅಂತ ನೋಡೋರಿಗೆ ಗೊತ್ತಾಗೋದು ಅದರಲ್ಲೇ. ನಿಮ್ಮ 70-300 ಬ್ಯಾಗಿಂದ ತೆಗೀರಿ, 18-55 ಮನೇಲಿ ಮಕ್ಕಳ ಫೋಟೋಗೆ ಇಟ್ಕೊಳ್ಳಿ.

ಕಾಸರಕೋಡು ಕಡೆಯವ

ಮೇಷ್ಟ್ರು ಲೆಕ್ಕ ಸರಿ ಹೇಳಿದ್ದಾರೆ, ನಾನು ಜಾಗ ಹೇಳ್ತೇನೆ ಮಾರಾಯ್ರೆ. ನಾನು ಇಲ್ಲಿಯೇ ಹುಟ್ಟಿ ಬೆಳೆದವ, ಮದುವೆ ಫೋಟೋ ಹೊಟ್ಟೆಪಾಡಿಗೆ, ರೈಲು ಫೋಟೋ ಹುಚ್ಚಿಗೆ.

ಮೊದಲು ಬಿಸಿಲು. ರೈಲು ಸೇತುವೆ ಹೈವೇ ಸೇತುವೆಗಿಂತ ಮೇಲೆ, ಅಂದ್ರೆ ಪೂರ್ವಕ್ಕಿದೆ. ಬೆಳಿಗ್ಗೆ ಹೈವೇ ಕಡೆಯಿಂದ ನೋಡಿದ್ರೆ ಸೂರ್ಯ ರೈಲಿನ ಬೆನ್ನಿಗೆ, ಬಣ್ಣ ಏನೂ ಸಿಗೂದಿಲ್ಲ. ಆದ್ರೆ ಡಿಸೆಂಬರ್ ಜನವರೀಲಿ ಬೆಳಿಗ್ಗೆ ಹೊಳೆ ಮೇಲೆ ಮಂಜು ಕೂತಿರ್ತದಲ್ಲ, ಆಗ ಅದೇ ಬೇಕು, ರೈಲು ಕಪ್ಪಗೆ ಕತ್ತರಿಸಿಟ್ಟ ಹಾಗೆ ಬರ್ತದೆ, ಕಿಟಕಿ ಕಿಟಕಿಯಲ್ಲಿ ಬೆಳಕು ತೂರಿ ಬರ್ತದೆ. ಬಣ್ಣ ಬೇಕಾದ್ರೆ ಮಧ್ಯಾಹ್ನ ಮೂರೂವರೆ ನಂತರ, ಪಶ್ಚಿಮದ ಬದಿಯಿಂದ.

ಇನ್ನೊಂದು, ಇದು ಸುಮಾರು ಜನಕ್ಕೆ ತಲೆಗೆ ಹೋಗೂದಿಲ್ಲ. ದೀಪಾವಳಿ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಹಾಗಾಗಿ ಮಂಗಳೂರು ಕಡೆ ಹೋಗೋ ಗಾಡಿಯ ಮುಖಕ್ಕೆ ಬಿಸಿಲು ಬೀಳ್ತದೆ, ಕಾರವಾರ ಕಡೆ ಹೋಗೋ ಗಾಡಿಯ ಮುಖ ನೆರಳಲ್ಲಿ. ಆದ್ದರಿಂದ ಹೊನ್ನಾವರ ದಂಡೆ ಬಿಟ್ಟು ದಕ್ಷಿಣ ದಂಡೆಗೆ ಬನ್ನಿ, ಸೇತುವೆಯ ಪಶ್ಚಿಮಕ್ಕೆ ನಿಲ್ಲಿ, ಉತ್ತರಕ್ಕೆ ಓರೆ ನೋಡಿ, ಮಂಗಳೂರು ಕಡೆಗೆ ಬರೋ ಗಾಡಿಗೆ ಕಾಯಿರಿ. ಗಾಡಿ ನಿಮ್ಮ ಕಡೆಗೇ ಬರ್ತದೆ, ಬಿಸಿಲು ನಿಮ್ಮ ಹೆಗಲ ಮೇಲಿಂದ ಹೋಗಿ ಅದರ ಮೂತಿಗೆ ಬೀಳ್ತದೆ.

ಹೈವೇ ಸೇತುವೆ ಬಿಟ್ಟೇ ಬಿಡಿ. ಒಂದೊಂದು ಲಾರಿ ಹೋದಾಗ ಇಡೀ ಸೇತುವೆ ಗಡಗಡ ಅಂತದೆ, ಟ್ರೈಪಾಡ್ ಇಟ್ಟವನ ಫೋಟೋ ಎಲ್ಲ ಎರಡೆರಡು. ಮಧ್ಯಾಹ್ನ ಆದ್ರೆ ನೀರಿನ ಮೇಲೆ ಬಿಸಿಗಾಳಿ ಆಡ್ತದೆ, ಉದ್ದ ಲೆನ್ಸಲ್ಲಿ ನೋಡಿದ್ರೆ ಕಂಬಗಳೇ ಕುಣಿತಾ ಇರ್ತವೆ, ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

ಇನ್ನು ಕರೆಂಟ್ ಕಂಬದ ಕತೆ. 2022ರಲ್ಲಿ ಕೊಂಕಣ ಲೈನ್ ಪೂರ್ತಿ ಎಲೆಕ್ಟ್ರಿಕ್ ಆಯ್ತಲ್ಲ, ಅದಕ್ಕೂ ಮೊದಲು ಈ ಸೇತುವೆ ಎಷ್ಟು ಬೋಳು ಚಂದ ಇತ್ತು ಗೊತ್ತುಂಟಾ, ಬರೀ ಹಳಿ, ಮೇಲೆ ಡೀಸೆಲ್ ಎಂಜಿನ್ನಿನ ಹೊಗೆ. ಈಗ ಓರೆಯಿಂದ ನೋಡಿದ್ರೆ ಕಂಬಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಕಾಣ್ತವೆ. ಕಂಬ ಹಳಿಯ ಯಾವ ಬದಿಗಿದೆ ನೋಡ್ಕೊಳ್ಳಿ, ನಿಮ್ಮ ಆಚೆ ಬದಿಗಿದ್ರೆ ರೈಲಿಗೆ ಅಡ್ಡ ಬರೂದಿಲ್ಲ. ಈಚೆ ಬದಿಗಿದ್ರೆ ಎಂಜಿನ್ ಮುಖ ಎರಡು ಕಂಬದ ನಡುವೆ ಬಂದ ಕ್ಷಣಕ್ಕೆ ಒತ್ತಬೇಕು, ಅದು ಎರಡು ಮೂರು ಗಾಡಿ ಬಿಟ್ಟ ಮೇಲೆ ಕೈಗೆ ಬರ್ತದೆ. ಫೋಕಸ್ ಮೊದಲೇ ಒಂದು ಕಂಬಕ್ಕೆ ಹಿಡಿದು ಮ್ಯಾನ್ಯುಯಲ್‌ಗೆ ಹಾಕಿಡಿ, ಗಾಡಿ ಬಂದ ಮೇಲೆ ಕ್ಯಾಮೆರಾ ಫೋಕಸ್ ಹುಡುಕ್ತಾ ಗರಗರ ಅಂದ್ರೆ ಅಷ್ಟೇ ಕತೆ.

ಬರಸ್ಟ್ ಬೇಡ, ಅಂದ್ರೆ ಒಂದೇ ಸಮ ಪಟಪಟ ಅಂತ ತೆಗೆಯೂದು ಬೇಡ, ಗಡಿಬಿಡಿಯೂ ಬೇಡ. ನೂರರಲ್ಲಿ ಬಂದ್ರೂ ಗಾಡಿಯ ಮೂತಿ ಸೇತುವೆ ಹತ್ತಿದಲ್ಲಿಂದ ಬಾಲ ಇಳಿಯೂವರೆಗೆ ಒಂದೂವರೆ ನಿಮಿಷ ಸಿಗ್ತದೆ. ಒಂದು ಎಲೆ ಅಡಿಕೆ ಹಾಕ್ಬಹುದು.

ಯಾವ ಗಾಡಿ ಅಂತ ಕೇಳಿದ್ರೆ ನನ್ನ ಓಟು ರೋರೋಗೆ. ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಹೋಗೂದು, 1999ರಿಂದ ಓಡ್ತಾ ಉಂಟು, ನಮ್ಮ ಕಡೆ ಅದರ ತುದಿ ಸುರತ್ಕಲ್. ಒಂದೊಂದು ಲಾರಿ ಒಂದೊಂದು ಬಣ್ಣ, ಎರಡು ಲಾರಿ ನಡುವೆ ಆಕಾಶ ಕಾಣ್ತದೆ, ಡ್ರೈವರ್‌ಗಳು ತಮ್ಮ ತಮ್ಮ ಲಾರಿಯ ಕ್ಯಾಬಿನ್ನಲ್ಲೇ ಕೂತಿರ್ತಾರೆ, ಒಂದು ಸಲ ಒಬ್ಬ ಸ್ಟೇರಿಂಗ್ ಮೇಲೆ ಕಾಲು ಚಾಚಿ ಮಲಗಿದ್ದ, ಕೆಳಗೆ ಶರಾವತಿ! ವಂದೇ ಭಾರತ್ ಬೇಕಾದ್ರೆ ತೆಗೀರಿ, ಆದ್ರೆ ಮಂಗಳೂರು ಮಡಗಾಂವ್ ಗಾಡಿ 2023ರ ಡಿಸೆಂಬರ್ ಕೊನೆಗೆ ಶುರುವಾದಾಗ 8 ಬೋಗಿ, ಇಷ್ಟುದ್ದದ ಸೇತುವೆ ಮೇಲೆ ಅದು ಆಟದ ಸಾಮಾನು. ಅದೂ ಅಲ್ಲದೆ ಬಿಳಿ ಬಣ್ಣ, ಸಂಜೆ ಬಿಸಿಲಿಗೆ ಸುಟ್ಟು ಹೋಗ್ತದೆ, ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿಟ್ಕೊಳ್ಳಿ.

ಟೈಮ್ ನೋಡೋವಾಗ ಒಂದು ಜಾಗ್ರತೆ. ಜೂನಿಂದ ಅಕ್ಟೋಬರ್ ತನಕ ಇಲ್ಲಿ ಮಳೆಗಾಲದ ಟೈಮ್‌ಟೇಬಲ್ಲೇ ಬೇರೆ, ಗಾಡಿ ನಿಧಾನ ಬಿಡ್ತಾರೆ. ದೀಪಾವಳಿ ಒಂದೊಂದು ವರ್ಷ ಆ ಬದಲಾವಣೆಯ ಆಸುಪಾಸಲ್ಲೇ ಬರ್ತದೆ. ಹಳೆ ಟೈಮ್ ನಂಬಿ ಹೋದ್ರೆ ಬಾಲ ನೋಡಿ ವಾಪಸ್ ಬರ್ತೀರಿ, ಆ್ಯಪಲ್ಲಿ ಲೈವ್ ನೋಡ್ಕೊಂಡೇ ಮನೆ ಬಿಡಿ.

ಸೀಟಿ ಬೋರ್ಡ್

ತಮ್ಮಾ, ಎಲ್ಲಾರೂ ಲೆನ್ಸ್ ಬಗ್ಗೆ ಹೇಳಿದ್ರು, "ಹಳಿ ಪಕ್ಕ ನಿಂತು ತೆಗದ್ರ ಹೆಂಗ" ಅಂತ ನೀ ಕೇಳಿದ್ದಕ್ಕ ಯಾರೂ ಉತ್ತರ ಕೊಡಲಿಲ್ಲ. ನಾ ಕೊಡ್ತೀನಿ. ನಾ ಗಾಡಿ ನಡಸಾಂವ, ಹುಬ್ಬಳ್ಳಿ ಕಡೀಂವ, ಲೋಂಡಾ ದಾಟಿ ಕ್ಯಾಸಲ್‌ರಾಕ್ ಘಾಟ್ ಇಳದು ಕುಳೆಂ ತನಕ ಎಷ್ಟು ಸಲ ಹೋಗೇನೋ ಲೆಕ್ಕ ಇಲ್ಲ.

ಹೋಗಬ್ಯಾಡ. ಸೇತುವೆ ಮ್ಯಾಲಂತೂ ಹೋಗಲೇಬ್ಯಾಡ.

ನಿನಗ ಅನ್ನಸ್ತದ, ಗಾಡಿ ಬಂದ್ರ ಸಪ್ಪಳ ಕೇಳತೈತಿ, ಸರದು ನಿಂದರತೀನಿ ಅಂತ. ಡೀಸೆಲ್ ಇದ್ದಾಗ ಆ ಮಾತು ಸ್ವಲ್ಪ ನಡೀತಿತ್ತು, ಎರಡು ಮೈಲಿಂದ ಗುಡುಗತಿತ್ತು ಅದು. ಈಗಿನ ಎಲೆಕ್ಟ್ರಿಕ್ ಎಂಜಿನ್ ಎದುರಿಗೆ ಬರೋವಾಗ ಏನೂ ಸಪ್ಪಳ ಇಲ್ಲ. ಹೊಳಿ ಮ್ಯಾಲ ಗಾಳಿ ಬ್ಯಾರೆ ಇರತೈತಿ, ಗಾಳಿ ನಿನ್ನ ಕಡಿಂದ ಗಾಡಿ ಕಡೆ ಬೀಸಾಕತ್ತಿತ್ತಂದ್ರ ಹಾರ್ನ್ ಸೈತ ಕೇಳಂಗಿಲ್ಲ. ಕಣ್ಣು ಕ್ಯಾಮೆರಾದೊಳಗ ಇಟ್ಟಾಂವಗ ದೂರದ್ದು ಹತ್ರದ್ದು ತಿಳಿಯಂಗೇ ಇಲ್ಲ, ಉದ್ದ ಲೆನ್ಸಿನ್ಯಾಗ ಗಾಡಿ ನಿಂತಲ್ಲೇ ನಿಂತಂಗ ಕಾಣತೈತಿ. ಸೇತುವೆ ಮ್ಯಾಲ ಸರದು ನಿಂದ್ರಾಕ ಜಾಗಾ ಎಲ್ಲೈತಿ? ಅಲ್ಲೊಂದು ಇಲ್ಲೊಂದು ಟ್ರಾಲಿ ರೆಫ್ಯೂಜ್ ಇರತಾವ, ಹಳಿ ತಪಾಸಣಿ ಮಾಡೋ ಕೀಮ್ಯಾನ್‌ಗಳು ನಿಂದ್ರಾಕ ಅಂತ ಮಾಡಿದ್ದು. ಅವರಿಗೆ ಯಾವ ಗಾಡಿ ಎಲ್ಲೈತಿ ಅಂತ ಗೊತ್ತಿರತೈತಿ, ನಿನಗ ಗೊತ್ತಿರಂಗಿಲ್ಲ.

ನಮ್ಮ ಕಡಿಂದ ನೋಡು ಈಗ. ನೂರರ ಸ್ಪೀಡಿನ್ಯಾಗ ಬರೋವಾಗ ದೂರದಾಗ ಒಂದು ಕಪ್ಪ ಚುಕ್ಕಿ ಕಾಣತೈತಿ. ಮನಷ್ಯಾನೋ, ದನಾನೋ, ಗಿಡಾನೋ? ಉದ್ದ ಹಾರ್ನ್ ಹೊಡೀತೀವಿ. ಚುಕ್ಕಿ ಅಲ್ಲಾಡಂಗಿಲ್ಲ. ಎಮರ್ಜೆನ್ಸಿ ಬ್ರೇಕ್ ಹಾಕಿದ್ರೂ ಗಾಡಿ ನಿಂದ್ರೂದ್ರಾಗ ಮುಕ್ಕಾಲು ಕಿಲೋಮೀಟರ್ ದಾಟಿರತೈತಿ. ಆ ಹೊತ್ತಿನ್ಯಾಗ ಕ್ಯಾಬಿನ್ನಿನ್ಯಾಗ ನಾವಿಬ್ರ ಮಾಡೂದು ಏನೂ ಇರಂಗಿಲ್ಲ. ಒಂದು ಸಲ ದೂಧ್‌ಸಾಗರ್ ಹತ್ರ ಮಳಿಗಾಲದಾಗ ತಿರುವು ಹೊಳ್ಳಿದ್ವಿ, ಹಳಿ ನಟ್ಟನಡುವ ಮೂರು ಕಾಲಿನ ಸ್ಟ್ಯಾಂಡ್, ಹಿಂದ ಒಬ್ಬ ಹುಡುಗ ಬಗ್ಗಿ ನೋಡಾಕತ್ತಾನ. ಏರು ಹತ್ತಾಕತ್ತಿದ್ವಿ, ಅಲ್ಲಿ 37 ಅಡಿಗೆ 1 ಅಡಿ ಏರು, ಹಿಂದ ಬ್ಯಾಂಕರ್ ಎಂಜಿನ್ ನೂಕಾಕತ್ತಿದ್ವು, ಸ್ಪೀಡ್ ಕಮ್ಮಿ ಇತ್ತು ಅಂತ ಉಳದ. ಹುಡುಗ ಉಳದ, ಸ್ಟ್ಯಾಂಡ್ ಉಳೀಲಿಲ್ಲ. ನನ್ನ ಅಸಿಸ್ಟೆಂಟ್ ಎರಡು ದಿನ ಸರಿ ಊಟ ಮಾಡಲಿಲ್ಲ. 2023ರ ಮಳಿಗಾಲದಾಗ ಅದೇ ಜಾಗಾದಾಗ ಹಳಿ ಮ್ಯಾಲ ನಡಕೊಂಡು ಬಂದವರಿಗೆ ಬಸ್ಕಿ ಹೊಡಿಸಿದ ವಿಡಿಯೋ ನೀವೆಲ್ಲ ನೋಡಿ ನಕ್ಕಿರ್ತೀರಿ. ನನಗ ನಗು ಬರಲಿಲ್ಲ.

ಕಾಯ್ದೆನೂ ಹೇಳಿಬಿಡ್ತೀನಿ. ರೈಲ್ವೆ ಕಾಯ್ದೆ 147ನೇ ಕಲಂ, ರೈಲ್ವೆ ಜಾಗಾದಾಗ ಅಕ್ರಮವಾಗಿ ಹೊಕ್ಕರ ಆರು ತಿಂಗಳ ತನಕ ಜೈಲು ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಮ್ಯಾಲಿನ ತಂತಿಯೊಳಗ 25,000 ವೋಲ್ಟ್ ಐತಿ, ಅದನ್ನ ಮುಟ್ಟಬೇಕಂತಿಲ್ಲ, ಹತ್ರ ಹೋದ್ರ ಸಾಕು ಅದೇ ಜಿಗಿದು ಹಿಡೀತೈತಿ. ಸೆಲ್ಫಿ ಕೋಲು, ಛತ್ರಿ, ಡ್ರೋನ್ ಎಲ್ಲಾದಕ್ಕೂ ಇದೇ ಮಾತು. ಡ್ರೋನ್ ಮನೀಗೆ ವಾಪಸ್ ಕೊಟ್ಟುಬಿಡು. ಆಮ್ಯಾಲ ರಾತ್ರಿ ಹೊತ್ತು ನಮ್ಮ ಮುಖಕ್ಕ ಫ್ಲ್ಯಾಶ್ ಹೊಡೀಬ್ಯಾಡ್ರಿ, ಅರ್ಧ ನಿಮಿಷ ಸಿಗ್ನಲ್ ಕಾಣಂಗಿಲ್ಲ.

ಬೈದೆ ಅಂತ ತಿಳಕೋಬ್ಯಾಡ. ಒಂದು ಉಪಯೋಗದ್ದೂ ಹೇಳ್ತೀನಿ. ಗೇಟ್ ಬರೂಕಿಂತ ಮೊದಲ ಹಳಿ ಪಕ್ಕ ಒಂದು ಹಳದಿ ಬೋರ್ಡ್ ಇರತೈತಿ, ಹಿಂದಿಯೊಳಗ ಸೀ/ಫಾ ಅಂತ ಬರದಿರತೈತಿ, ಅಲ್ಲಿಂದ ನಾವು ಸೀಟಿ ಹೊಡೀಲೇಬೇಕು. ನಿನ್ನ ಹತ್ರದ ಗೇಟಿನ ಆ ಬೋರ್ಡ್ ಎಲ್ಲೈತಿ ರಸ್ತೆ ಮ್ಯಾಲಿಂದ ಗುರ್ತು ಮಾಡಿಟ್ಕೊ, ಸೀಟಿ ಕೇಳಿದ ಮ್ಯಾಲ ಎಷ್ಟು ಸೆಕೆಂಡಿಗೆ ಗಾಡಿ ಬರತೈತಿ ಎರಡು ಸಲ ಎಣಿಸು. ಮೂರನೇ ಸಲ ಆ್ಯಪ್ ಬೇಕಾಗಂಗಿಲ್ಲ. ಆಮ್ಯಾಲ ದೂರದಿಂದ ಕೈ ಮಾಡು, ನಾವೂ ಮಾಡ್ತೀವಿ. ಮುಖ ಸಿಟ್ಟಿನ್ಯಾಗಿರೋ ಡ್ರೈವರ್ ಫೋಟೋ ಯಾರಿಗೆ ಬೇಕು!

ಮೊಬೈಲೇ ಸಾಕು ಗುರು

ಇಷ್ಟೆಲ್ಲ ಯಾಕ್ ಗುರು? ನಾನು ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೇಲೆ ಹೋಗೋ ಟ್ರೈನುಗಳನ್ನ ಹೊಳೆ ಮೆಟ್ಲು ಮೇಲೆ ಕೂತ್ಕೊಂಡು ಬರೀ ಫೋನಲ್ಲಿ ತೆಗೀತೀನಿ, ಸೂಪರಾಗೇ ಬರುತ್ತೆ. ಎಚ್‌ಡಿಆರ್ ಆಫ್ ಮಾಡ್ಬೇಕು ಅಷ್ಟೆ, ಇಲ್ಲಾಂದ್ರೆ ಅದು ಮೂರ್ನಾಲ್ಕು ಫೋಟೋ ತೆಗ್ದು ಸೇರ್ಸೋ ಹೊತ್ತಿಗೆ ಟ್ರೈನ್ ಮುಂದಕ್ಕೆ ಹೋಗಿರುತ್ತೆ, ಬೋಗಿಗೆ ಎರಡೆರಡು ಬಾಲ ಬರುತ್ತೆ. ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸು ಬ್ರೈಟ್ನೆಸ್ಸು ಲಾಕ್ ಮಾಡ್ಕೊಳ್ಳಿ. ಪನೋರಮಾ ಮಾತ್ರ ಬೇಡ, ಒಂದ್ಸಲ ಟ್ರೈ ಮಾಡಿದೆ, ಹದಿನೈದು ಬೋಗಿ ಟ್ರೈನು ಆರೇ ಬೋಗಿ ಆಗಿತ್ತು, ಅದರಲ್ಲಿ ಒಂದಕ್ಕೆ ಕಿಟಕಿನೇ ಇರ್ಲಿಲ್ಲ.

ಅದೇನೇ ಇರ್ಲಿ, ಕೈ ಪಳಗಿಸ್ಕೊಳೋಕೆ ಆ ಜಾಗ ಬೆಸ್ಟ್. ಬೆಂಗಳೂರು ಮೈಸೂರು ಲೈನು, ಟ್ರೈನ್ ಬರ್ತಾನೇ ಇರುತ್ತೆ, ಒಂದು ಹಾಳಾದ್ರೆ ಇನ್ನೊಂದು.

ಲೆಕ್ಕದ ಮೇಷ್ಟ್ರು

@ಮೊಬೈಲೇ ಸಾಕು: ಕಾವೇರಿ ಮೇಲೆ ಸಾಕಪ್ಪ, ಅಲ್ಲಿ ಸೇತುವೆ ಹತ್ರ ಇದೆ. ಶರಾವತಿಗೆ ಫೋನಿನ ವೈಡ್ ಲೆನ್ಸ್ ಹಿಡಿದ್ರೆ 18 ಪಿಕ್ಸೆಲ್‌ಗಿಂತಲೂ ಕೆಳಗೆ ಹೋಗುತ್ತೆ. ಇವ್ರು ಜಗಲಿಗೆ ದೊಡ್ಡ ಪ್ರಿಂಟ್ ಹಾಕ್ತೀನಿ ಅಂತಿದಾರೆ, ಸ್ಟೇಟಸ್‌ಗೆ ಅಲ್ಲ.

ಮೊಬೈಲೇ ಸಾಕು ಗುರು

ಮೇಷ್ಟ್ರೇ ನೀವು ಫೋಟೋ ತೆಗೀತೀರೋ ಬರೀ ಲೆಕ್ಕ ಹಾಕ್ತೀರೋ 😄

ಕಿಟಕಿ ಸೀಟು

ರಾಮೇಶ್ವರಕ್ಕೆ ಹೋಗೋ ಪಾಂಬನ್ ರೈಲು ಸೇತುವೆ ಹೆಸರು ಯಾರೂ ಎತ್ಲಿಲ್ವಲ್ಲ ಅಂತ ಆಶ್ಚರ್ಯ. ಅದೂ ಹೆಚ್ಚುಕಮ್ಮಿ ಇಷ್ಟೇ ಉದ್ದ, ಎರಡು ಕಿಮೀ ಚಿಲ್ಲರೆ. ಆದ್ರೆ ಅಲ್ಲಿ ಯಾರು ತೆಗೆದ್ರೂ ಫೋಟೋ ಚೆನ್ನಾಗಿ ಬರುತ್ತೆ. ಯಾಕೆ ಅಂದ್ರೆ ಪಕ್ಕದಲ್ಲೇ ರಸ್ತೆ ಸೇತುವೆ, 1988ರದ್ದು, ರೈಲು ಸೇತುವೆಗಿಂತ ಎಷ್ಟೋ ಎತ್ತರ. ಮೇಲಿಂದ ಕೆಳಕ್ಕೆ ಓರೆಯಾಗಿ ನೋಡಿದಾಗ ರೈಲಿನ ಹಿಂದೆ ಆಕಾಶ ಬರಲ್ಲ, ಪೂರ್ತಿ ಹಸಿರು ನೀಲಿ ಸಮುದ್ರ ಬರುತ್ತೆ, ರೈಲಿನ ಬಣ್ಣ ಎದ್ದು ನಿಲ್ಲುತ್ತೆ. ಮಧ್ಯದಲ್ಲಿ ಹಡಗು ಹೋಗೋಕೆ ಬಾಯಿ ಬಿಡೋ ಭಾಗ ಬೇರೆ ಇದೆ. 1914ರ ಹಳೇ ಸೇತುವೇಲಿ ಅದು ಎರಡು ರೆಕ್ಕೆ ಥರ ಓರೆಯಾಗಿ ಮೇಲೇಳ್ತಿತ್ತು, 2025ರ ಏಪ್ರಿಲಲ್ಲಿ ಶುರುವಾದ ಹೊಸದರಲ್ಲಿ 72 ಮೀಟರಿನ ಇಡೀ ತುಂಡು ಲಿಫ್ಟ್ ಥರ ನೆಟ್ಟಗೆ ಮೇಲಕ್ಕೆ ಹೋಗುತ್ತೆ. ಹಂಗಾಗಿ ಕಣ್ಣಿಗೆ ಒಂದು ಹಿಡಿತ ಸಿಗುತ್ತೆ.

ಶರಾವತೀಲಿ ಎತ್ತರದ ಜಾಗಾನೂ ಇಲ್ಲ, ನಡುವೆ ಅಂಥ ಗುರುತೂ ಇಲ್ಲ, ಒಂದೇ ಥರ ಕಂಬ ಸಾಲು ಅಷ್ಟೆ. ಅದಕ್ಕೇ ನನ್ನ ಸಲಹೆ, ಆ ಗುರುತನ್ನ ನೀವೇ ತಗೊಂಡು ಬನ್ನಿ. ಒಂದು ದೋಣಿ, ಬೀಸುಬಲೆ ಎಸೆಯೋನು, ತೆಂಗಿನ ಮರದ ಸೋಗೆ, ಕಾಂಡ್ಲ ಗಿಡದ ಬೇರು, ಏನಾದ್ರೂ ಮುಂದೆ ಇರ್ಲಿ. ಹಿಂದೆ ರೈಲು ಸಣ್ಣದಾಗಿ ಇದ್ರೂ ನಡೆಯುತ್ತೆ. ಮೇಷ್ಟ್ರ 18 ಪಿಕ್ಸೆಲ್ ಕೂಡ ಕೆಲವು ಸಲ ಸಾಕಾಗುತ್ತೆ ಅಂತ ನನ್ನ ಅನಿಸಿಕೆ, ಬೈಬೇಡಿ.

ಕಾಸರಕೋಡು ಕಡೆಯವ

ಕಿಟಕಿ ಸೀಟು ಹೇಳಿದ್ದು ನೂರಕ್ಕೆ ನೂರು. ದೋಣಿಯಲ್ಲೇ ಕೂತು ತೆಗೆದ್ರೆ ಇನ್ನೂ ಒಳ್ಳೇದು, ಲೈಫ್ ಜಾಕೆಟ್ ಹಾಕ್ಕೊಳ್ಳಿ, ಕ್ಯಾಮೆರಾ ಪಟ್ಟಿ ಕುತ್ತಿಗೆಗೆ. ನೀರು ಇಳಿತಕ್ಕೆ ಹೋದಾಗ ಕಂಬದ ಬುಡದ ಕಪ್ಪು ಗೆರೆ ಎಲ್ಲ ಕಾಣ್ತದೆ, ಭರತಕ್ಕೆ ಬಂದು ಗಾಳಿ ನಿಂತಾಗ ಪ್ರತಿಬಿಂಬ ಸಿಗ್ತದೆ. ಪ್ರತಿಬಿಂಬ ಬೇಕಾದ್ರೆ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕ್ಬೇಡಿ, ಅದು ನೀರಿನ ಹೊಳಪನ್ನೇ ಒರೆಸಿ ಹಾಕ್ತದೆ, ಒಂದೂವರೆ ಸ್ಟಾಪ್ ಬೆಳಕೂ ತಿಂತದೆ. ದೋಣಿ ಅಲುಗ್ತದಲ್ಲ, ಅಲ್ಲಿ ಟ್ರೈಪಾಡ್ ದಂಡ, ಶಟರ್ 1/800ಕ್ಕೆ ಏರಿಸಿ.

ಹೊಳೆಬದಿಯವ

ಎಲ್ರಿಗೂ ಥ್ಯಾಂಕ್ಸ್. ದೀಪಾವಳಿ ಮುಗ್ಸಿ ನಿನ್ನೆ ರಾತ್ರಿ ವಾಪಸ್ ಬಂದೆ, ಏನಾಯ್ತು ಅಂತ ಹೇಳ್ಬೇಕಲ್ಲ.

ಮೊದಲನೇದು, ಹಳಿ ಹತ್ರ ಹೋಗ್ಲಿಲ್ಲ. ಸೀಟಿ ಬೋರ್ಡ್ ಸಾರ್ ಬರೆದದ್ದು ಓದಿ ಹೋಗೋ ಮನಸ್ಸೇ ಬರ್ಲಿಲ್ಲ. ಡ್ರೋನ್ ಬ್ಯಾಗಿಂದ ಹೊರಗೇ ತೆಗೀಲಿಲ್ಲ.

ಮೊದಲನೇ ದಿನ ದಕ್ಷಿಣ ದಂಡೆ, 70-300, 1/1000, ಎಫ್/8, ಐಎಸ್ಒ 400. ಆ್ಯಪಲ್ಲಿ 40 ನಿಮಿಷ ಲೇಟ್ ತೋರಿಸ್ತಿತ್ತು ಅಂತ ಚಾ ಕುಡಿಯೋಕೆ ಹೋದೆ, ಅಷ್ಟರಲ್ಲಿ ಗೂಡ್ಸ್ ಒಂದು ಬಂದು ಹೋಯ್ತು, ಆ್ಯಪಲ್ಲಿ ಗೂಡ್ಸ್ ಬರಲ್ಲ ಅಂತ ಆಮೇಲೆ ನೆನಪಾಯ್ತು. ಗ್ಲಾಸ್ ಕೈಲಿ ಹಿಡ್ಕೊಂಡು ಓಡಿದೆ, ಬಾಲ ಸಿಕ್ತು. ಎರಡನೇ ದಿನ ಸಂಜೆ ನಾಲ್ಕೂವರೆಗೆ ಎಕ್ಸ್‌ಪ್ರೆಸ್ ಒಂದು ಬಂತು, ಬಿಳಿ ಎಂಜಿನ್, ಮುಖದ ಮೇಲೆ ಬಿಸಿಲು ಅಂದ್ರೆ ಹಂಗೆ ಬಿಸಿಲು! ಎರಡು ಕಂಬದ ನಡುವೆ ಮುಖ ಬಂದಿದ್ದು ಹದಿನಾಲ್ಕು ಫೋಟೋದಲ್ಲಿ ಎರಡೇ. ಆದ್ರೆ ಆ ಎರಡು ನೋಡಿ ನಾನೇ ತೆಗ್ದಿದ್ದಾ ಅನ್ನಿಸ್ತು. ಎಂಜಿನ್ನಿನ ಗಾಜಿನ ಹಿಂದೆ ಡ್ರೈವರ್ ಕೈ ಎತ್ತಿದ್ದು ಕೂಡ ಇದೆ, ನಾನು ಕೈ ಮಾಡಿದ್ದಕ್ಕೋ ಬೇರೆ ಯಾವುದಕ್ಕೋ ದೇವರಿಗೇ ಗೊತ್ತು.

ಮೂರನೇ ದಿನ ಬೆಳಿಗ್ಗೆ ಪರಿಚಯದವರ ದೋಣಿ ಮಾತಾಡ್ಕೊಂಡು ಹೋದೆ. ಮಂಜು ಇರ್ಲಿಲ್ಲ, ತೆಳು ಮೋಡ ಇತ್ತು. ಮುಂದೆ ಒಬ್ಬರು ಬಲೆ ಬೀಸ್ತಿದ್ರು, ಬಲೆ ಗಾಳೀಲಿ ಬಿಚ್ಚಿಕೊಂಡ ಹೊತ್ತಿಗೇ ಹಿಂದೆ ರೈಲು ಬಂತು, 70ರಲ್ಲಿ ಒಂದೇ ಒಂದು ಫೋಟೋ ಸಿಕ್ತು. ಬಲೆಯ ಕಣ್ಣುಗಳ ಸಂದೀಲಿ ಬೋಗಿ ಸಾಲು ಕಾಣುತ್ತೆ. ರೈಲು ಸಣ್ಣದೇ, ಮೇಷ್ಟ್ರು ಎಣಿಸ್ಕೊಳ್ಳಲಿ. ನಂಗೆ ಇದೇ ಇಷ್ಟ ಆಯ್ತು, ಇದನ್ನೇ 20 ಇಂಚು 30 ಇಂಚು ಪ್ರಿಂಟ್ ಹಾಕ್ಸಿ ಮನೆಗೆ ತಂದೆ.

ಅಪ್ಪ ಕನ್ನಡಕ ಹಾಕ್ಕೊಂಡು ಜಗಲೀಲಿ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡ್ದ. ರೈಲು ನೋಡ್ಲಿಲ್ಲ, ಬಲೆನೂ ನೋಡ್ಲಿಲ್ಲ. ಬೆರಳು ಇಟ್ಟು ಒಂದು ಕಡೆಯಿಂದ ಕಂಬ ಎಣಿಸ್ತಾ ಹೋದ, ಅರ್ಧಕ್ಕೆ ನಿಲ್ಸಿದ, ಮತ್ತೆ ಮೊದಲಿಂದ ಎಣಿಸ್ದ. ಆಮೇಲೆ ಹೇಳ್ದ, "ಚಂದ ಬಂದಿದೆ. ಆದ್ರೆ ನಾನು ದಿನಾ ದೋಣಿ ಕಟ್ತಿದ್ದ ಕಂಬ ಇದರಲ್ಲಿ ಬರ್ಲಿಲ್ವಲ್ಲೋ, ಅದು ಇನ್ನೂ ಈ ಕಡೆಗಿದೆ."

ಸೋ ಈಗ ಹೊಸ ಪ್ರಶ್ನೆ. ಹೊನ್ನಾವರ ದಂಡೆ ಕಡೆಯ ಕಂಬಗಳು ಬರೋ ಥರ, ರೈಲಿನ ಮುಖ ನೆರಳಲ್ಲಿದ್ರೂ ಪರವಾಗಿಲ್ಲ, ನೀರಿನ ಮಟ್ಟದಿಂದ ತೆಗೀಬೇಕು ಅಂದ್ರೆ ಜನವರೀಲಿ ಯಾವ ಹೊತ್ತು ಸರಿ?

ಕಾಸರಕೋಡು ಕಡೆಯವ

ಸಂಕ್ರಾಂತಿಗೆ ಬನ್ನಿ, ಬೆಳಿಗ್ಗೆ ಏಳಕ್ಕೆ ನೀರಿನ ಮೇಲೆ ಇರ್ಬೇಕು, ಮಂಜು ಇದ್ರೆ ಮುಖ ನೆರಳು ಗಿರಳು ಯಾವ್ದೂ ಲೆಕ್ಕಕ್ಕಿಲ್ಲ. ಅಪ್ಪನ್ನೂ ಕರ್ಕೊಂಡು ಬನ್ನಿ ಮಾರಾಯ್ರೆ. ಯಾವ ಕಂಬ ಅಂತ ಅವರೇ ತೋರಿಸ್ಲಿ, ದೋಣಿ ನಾನು ತರ್ತೇನೆ, ಹುಟ್ಟು ಹಾಕೂದು ಅವರು ಮರೆತಿರ್ಲಿಕ್ಕಿಲ್ಲ.